ಡ್ರಿಲ್ಲಿಗೆ ಬರಿಗೈ

ಗುಡಿಸುವ ಕೆಲಸದಿಂದ ವರ್ಕ್‌ಶಾಪಿನ ಸಾಮಾನು ಕೊಡುವ ಸ್ಟೋರಿಗೆ ಬಂದ ಹೊಸತರಲ್ಲಿ ಅವನದೊಂದು ಸಿದ್ಧಾಂತವಿತ್ತು: ಕೈಗವಸು ದಪ್ಪವಾದಷ್ಟೂ ಕೈ ಕ್ಷೇಮ. ವೆಲ್ಡಿಂಗಿನ ಚರ್ಮದ ಕೈಗವಸು ತೊಟ್ಟು ಸ್ಕ್ರೂ ಆರಿಸಲು ಕೂತ. ಒಂದೂ ಬೆರಳಿಗೆ ಸಿಗಲಿಲ್ಲ. ಅಂದಿನಿಂದ ವರ್ಕ್‌ಶಾಪಿಗೆಲ್ಲ ಅವನು ‘ಬಾಕ್ಸರ್’. ಸೊಳ್ಳೆಗೂ ಹೆದರುವ ಬಾಕ್ಸರ್ ಎಂದು ಮೊದಲು ಹೇಳಿಕೊಂಡವನೂ ಅವನೇ.

ಸ್ಟೋರಿನ ಹಿರಿಯಕ್ಕ ಮಾತ್ರ ನಗದೆ ಕಲಿಸಿದಳು. ಬೆಂಕಿಗೆ ಚರ್ಮದ್ದು; ಗಾಜು, ತಗಡಿಗೆ ಕೊಯ್ತ ತಡೆಯುವ ಹೆಣಿಗೆಯದು; ಆಸಿಡ್ಡಿಗೆ ಉದ್ದ ತೋಳಿನ ರಬ್ಬರು, ಅದೂ ಕೈಗವಸಿನ ಬಾಯಿ ಸುತ್ತಿ ಗಾಳಿ ಹಿಡಿದು ಹಿಸುಕಿದಾಗ ಎಲ್ಲೂ ಸೋರದಿದ್ದರೆ. ಅವಳು ಬೇರೆ ಶೆಡ್ಡಿಗೆ ಹೋದ ಮೇಲೆ ಸಾಮಾನು ಕೊಡುವ ಕಿಟಕಿ ಅವನ ಪಾಲಿಗೆ ಬಂತು.

“ಒಂದು ವಾರ ನೋಡ್ತೀನಿ. ಯಾರ ಕೈಗಾದ್ರೂ ಪೆಟ್ಟಾದ್ರೆ ಮತ್ತೆ ಪೊರಕೆ ಹಿಡೀತೀಯ” ಎಂದಿದ್ದರು ಫೋರ್‌ಮನ್.

ಮೊದಲ ಗಿರಾಕಿ ಡ್ರಿಲ್ಲಿಂಗ್ ಮಿಷಿನ್ ನಡೆಸುವ ಭಾವ, ಅವನ ಸ್ವಂತ ಅಕ್ಕನ ಗಂಡ.

“ಬಟ್ಟೆ ಗ್ಲೌಸ್ ಕೊಡೋ. ಕಬ್ಬಿಣದ ಚೂರು ಚುಚ್ಚಿ ಕೈ ಜರಡಿ ಆಗಿದೆ.”

“ಡ್ರಿಲ್ಲಿಗಾ ಭಾವ?”

“ಅಲ್ಲ, ಮದುವೆ ಮನೆಗೆ.”

“ಮದುವೆಗಾದ್ರೆ ಎರಡು ಜೊತೆ ತಗೊಳ್ಳಿ. ಡ್ರಿಲ್ಲಿಗೆ ಕೊಡಲ್ಲ. ತಿರುಗೋವಾಗ ಒಂದು ನೂಲು ಸಿಕ್ಕಿಕೊಂಡ್ರೆ ಸಾಕು, ಬೆರಳನ್ನೂ ಸೇರಿಸಿ ಎಳ್ಕೊಳ್ಳುತ್ತೆ. ಮಿಷಿನ್ ನಿಲ್ಲಿಸಿ, ಈ ಬ್ರಷ್ಷಲ್ಲಿ ಚೂರು ತೆಗೀರಿ.”

“ನಿನ್ನನ್ನ ಇಲ್ಲಿಗೆ ಸೇರಿಸಿದ್ದು ಯಾರು ಅಂತ ನೆನಪಿದೆಯಾ? ಹತ್ತಿದ ಏಣೀನೇ ಒದೀತಿದೀಯ. ನಿಮ್ಮಕ್ಕಂಗೆ ಹೇಳ್ತೀನಿ.”

“ಹೇಳಿ. ಹತ್ತು ಬೆರಳಿನ ಗಂಡ ಬೇಕೋ, ಒಂಬತ್ತು ಬೆರಳಿನವನೋ ಅಂತ ಕೇಳ್ಕೊಂಡು ಬನ್ನಿ.”

ಭಾವ ಬ್ರಷ್ ಮುಟ್ಟದೆ ನೇರವಾಗಿ ಫೋರ್‌ಮನ್ ಬಳಿ ಹೋದ. ಫೋರ್‌ಮನ್ ಕಿಟಕಿಗೆ ಬಂದರು.

“ಅವನಿಗೆ ಗ್ಲೌಸ್ ಕೊಡಲ್ಲ ಅಂದ್ಯಂತೆ?”

“ಹೌದು ಸಾರ್.”

“ನಾನು ಕೊಡು ಅಂದ್ರೆ?”

ಅವನು ಬ್ರಷ್ಷನ್ನು ಕಿಟಕಿಯ ಮುಂದಕ್ಕೆ ತಳ್ಳಿದ.

“ಆಗಲೂ ಬ್ರಷ್ಷೇ ಸಾರ್.”

ಫೋರ್‌ಮನ್ ಬ್ರಷ್ ಎತ್ತಿಕೊಂಡರು. “ಸರಿ, ನಾನೇ ಕೊಡ್ತೀನಿ. ಅವನು ಮೂತಿ ಊದಿಸ್ಕೊಂಡು ನಿಂತಿದಾನೆ.” ಎರಡು ಹೆಜ್ಜೆ ಹೋಗಿ ತಿರುಗಿದರು. “ವಾರ ಗೀರ ಏನೂ ಬೇಡ. ಕಿಟಕಿ ನೀನೇ ನೋಡ್ಕೋ.”

ಸ್ವಲ್ಪ ಹೊತ್ತಿಗೆ ಡ್ರಿಲ್ಲಿನ ಸದ್ದು ಕೇಳಿತು. ಅವನು ಕತ್ತು ಚಾಚಿ ನೋಡಿದ. ಭಾವ ಇತ್ತ ತಲೆಯೆತ್ತಲಿಲ್ಲ. ಇನ್ನೆರಡು ದಿನ ಮಾತೂ ಆಡಲಿಕ್ಕಿಲ್ಲ. ಮಿಷಿನ್ನಿನ ಮುಂದೆ ಇದ್ದದ್ದು ಬರಿಗೈ, ಅಷ್ಟು ಸಾಕಿತ್ತು.