ಕಿವಿಯ ಮಡಿ

ಎಪ್ಪತ್ತರ ದಶಕದಲ್ಲಿ ಬಸವೇಶ್ವರನಗರದ ನಮ್ಮ ಮನೆಯ ಹಿಂಭಾಗವನ್ನು ಒಬ್ಬ ಸಂಗೀತದ ಟೀಚರ್‌ಗೆ ಬಾಡಿಗೆಗೆ ಕೊಟ್ಟಿದ್ದೆವು. ಐವತ್ತು ದಾಟಿದ ಒಂಟಿ ಹೆಂಗಸು. ಮಡಿಯೆಂದರೆ ಮಡಿ. ಅವರ ಸೀರೆ ಎತ್ತರದ ಗಳುವಿನ ಮೇಲೆ ಒಣಗುತ್ತಿತ್ತು, ನಾವದನ್ನು ಮುಟ್ಟುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಹಬ್ಬದ ದಿನ ಅವ್ವ ಕೊಟ್ಟ ಬಾಳೆಹಣ್ಣನ್ನು ಮಾತ್ರ ನಗುನಗುತ್ತಾ ತೆಗೆದುಕೊಳ್ಳುತ್ತಿದ್ದರು. ಅವ್ವನಿಗೆ ಇದರಿಂದ ಬೇಸರವಿತ್ತೋ ಏನೋ, ನಾನು ಕೇಳಲಿಲ್ಲ. ನನಗಂತೂ ಟೀಚರ್ ಎಂದರೆ ಪ್ರಾಣ.

ಆಗ ನನಗೆ ಹದಿನೈದು. ದಿನಾ ಸಂಜೆ ಅವರ ಬಳಿ ಪಾಠ. ಒಂದು ದಿನ ಅವರು, "ಸಿನಿಮಾ ಹಾಡು ಕೇಳ್ಬೇಡ ಕಣೇ. ಗಂಟಲು ಕೆಟ್ರೆ ಕಷಾಯ ಕುಡಿಬಹುದು, ಕಿವಿ ಕೆಟ್ರೆ ಏನೂ ಮಾಡಕ್ಕಾಗಲ್ಲ" ಎಂದರು. ಅದು ನನ್ನ ತಲೆಗೇರಿತು. ಮನೆಯಲ್ಲಿ ರೇಡಿಯೊ ಹಾಕಲು ಬಿಡಲಿಲ್ಲ. ಎದುರು ಮನೆಯ ಮದುವೆಗೆ ಮೈಕ್ ಕಟ್ಟಿದಾಗ ಕಿವಿಗೆ ಹತ್ತಿ ತುರುಕಿಕೊಂಡು ಕೂತೆ. ಹದಿನೈದರ ಆ ನಾನು ಈಗ ಎದುರಿಗೆ ಸಿಕ್ಕರೆ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸುತ್ತದೆ.

ರೇಡಿಯೊ ಆಯಿತು, ಮೈಕ್ ಆಯಿತು, ಉಳಿದದ್ದು ಅವ್ವನ ಹಾಡು. ಅವಳು ದಾವಣಗೆರೆ ಕಡೆಯವಳು. ಬೆಳಿಗ್ಗೆ ಅಪ್ಪನ ಡಬ್ಬಿಗೆ ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು. ತವರಿನ ತೊಟ್ಟಿಲ ಹಾಡಿಗೆ ಸಿನಿಮಾ ಧಾಟಿ, ಮಧ್ಯೆ ಮರೆತ ಕಡೆ ತಾನೇ ಸೇರಿಸಿದ ಮಾತು, ರೊಟ್ಟಿ ಬಡಿತದ ತಾಳಕ್ಕೆ ಸರಿಯಾಗಿ. ಅದೇ ಹೊತ್ತಿಗೆ ನಾನು ನಡುಮನೆಯಲ್ಲಿ ಸರಳೆ ವರಸೆ ಹಾಡುತ್ತಿದ್ದೆ. ಒಂದು ದಿನ ತಡೆಯಲಾರದೆ ಅಡುಗೆಮನೆಗೆ ಹೋಗಿ ಹೇಳಿದೆ:

"ಅವ್ವ, ಸುಮ್ನಿರ್ತೀಯಾ? ನೀನು ಅದನ್ನೂ ಇದನ್ನೂ ಬೆರೆಸಿ ಹಾಡೋದು ಕೇಳಿ ಕೇಳಿ ನನ್ನ ಕಿವಿ ಮೈಲಿಗೆ ಆಗ್ತಿದೆ."

ಅವಳ ಕೈ ಒಂದು ಗಳಿಗೆ ನಿಂತಿತು. "ಆತು ಬಿಡವ್ವ" ಎಂದಳು. ಮಾರನೆಯ ದಿನದಿಂದ ಅಡುಗೆಮನೆಯಿಂದ ಬರಿಯ ರೊಟ್ಟಿ ಬಡಿಯುವ ಸದ್ದು. ಮನೆ ಶುದ್ಧವಾಯಿತೆಂದು ಖುಷಿಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ.

ಒಂದೆರಡು ತಿಂಗಳಾದ ಮೇಲೆ ಪಾಠದ ನಡುವೆ ಟೀಚರ್ ಕೇಳಿದರು: "ನಿಮ್ಮಮ್ಮಂಗೆ ಹುಷಾರಿಲ್ವೇನೇ? ಹಾಡೇ ಕೇಳ್ಸಲ್ಲ."

ಅವರ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. "ನಾನೇ ನಿಲ್ಲಿಸ್ದೆ ಟೀಚರ್" ಎಂದೆ. ಶಹಭಾಸ್ ಎನ್ನುತ್ತಾರೆಂದು ಕಾದೆ.

ಅವರು ತಂಬೂರಿಯನ್ನು ಕೆಳಗಿಟ್ಟರು. "ಅಯ್ಯೋ ಪಾಪಿ! ಅವ್ರ ಹಾಡು ಕೇಳಕ್ಕೇ ಅಂತ ದಿನಾ ಆ ಗೋಡೆ ಪಕ್ಕ ಮಣೆ ಹಾಕ್ಕೊಂಡು ತರಕಾರಿ ಹೆಚ್ತಿದ್ದೆ. ಇಷ್ಟು ವರ್ಷ ಪಾಠ ಹೇಳಿದೀನಿ, ನಂಗೆ ಒಂದಿನವಾದ್ರೂ ಅಷ್ಟು ನಿರಾಳವಾಗಿ ಹಾಡಕ್ಕೆ ಬಂದಿಲ್ಲ ಕಣೇ."

ನಾಚಿಕೆಯಾಯಿತು. ಸಿಟ್ಟೂ ಬಂತು. ನಮ್ಮ ನೀರು ಕುಡಿಯದಿದ್ದರೆ ಹೋಗಲಿ, ಈ ಮಾತನ್ನು ಅವ್ವನ ಕಿವಿಗೆ ಹಾಕಬಹುದಿತ್ತಲ್ಲ?

ಮರುದಿನ ಬೆಳಿಗ್ಗೆ ಒಲೆಯ ಪಕ್ಕ ಕೂತು ಅವ್ವನಿಗೆ ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಅಂದೆ, ಹಾಡು ಅಂದೆ. "ಅವ್ರು ಕೇಳ್ತಿದ್ರಾ?" ಎಂದು ಕೇಳುವಾಗ ಅವಳ ಮುಖ ಅರಳಿತು. ಸೆರಗಿನಿಂದ ಹಣೆ ಒರೆಸಿಕೊಂಡು ತೊಟ್ಟಿಲ ಹಾಡು ಶುರು ಮಾಡಿದಳು. ಎರಡನೆಯ ಸಾಲಿಗೆ ಕೈಯೂ ನಿಂತಿತು, ಹಾಡೂ ನಿಂತಿತು. ಹಾಡುವಾಗ ಯಾವತ್ತೂ ಯಾರ ಮುಖವನ್ನೂ ನೋಡದವಳು ನನ್ನ ಮುಖ ನೋಡಿ, "ಇದು ಸರಿ ಐತೇನು?" ಎಂದು ಕೇಳಿದಳು.

ಸರಿಯಿದೆ ಎಂದು ಎಷ್ಟು ಹೇಳಿದರೂ ಮುಂದುವರಿಸಲಿಲ್ಲ. ನಾನು ಸ್ಕೂಲಿಗೆ ಹೊರಟ ಮೇಲೆ ಹಾಡುತ್ತಾಳೆಂದು ಆಮೇಲೆ ಟೀಚರ್ ಹೇಳುತ್ತಿದ್ದರು. ನಾನು ಮನೆಯಲ್ಲಿದ್ದಾಗ ಅವ್ವ ಮತ್ತೆ ಹಾಡಲಿಲ್ಲ.