ಸಾಹೇಬರ ಕಾಲರಿನಲ್ಲಿ ಇರುವೆ

ಗೆಳೆಯರೇ, ಇವತ್ತು ನನ್ನ ಕಾರಿನ ಛಾವಣಿಯಿಂದ ನಮ್ಮ ಕಚೇರಿಯ ಸಾಹೇಬರ ಕಾಲರಿನೊಳಗೆ ಕೆಂಪಿರುವೆಗಳು ಇಳಿದವು. ಶಹಾಪುರ ದಾಟಿ ಸುರಪುರದ ಕಡೆ ಹೊರಟಿದ್ದೆವು.

"ಗಾಡಿ ನಿಂದರಸ್ರಿ! ಕಾರೊಳಗ ಇರವಿ ಸಾಕೀರೇನು?" ಎಂದು ಕೂಗಿದರು.

ವಿಷಯ ಇಷ್ಟೇ. ಯಾದಗಿರಿಯ ಬಿಸಿಲಿಗೆ ಅಂಟು ಬಿಟ್ಟು, ಒಳಛಾವಣಿಯ ರಟ್ಟಿಗೆ ಅಂಟಿಸಿದ್ದ ಬಟ್ಟೆ ಜೋತುಬಿದ್ದು ನನ್ನ ತಲೆಗೆ ತಾಗುತ್ತಿತ್ತು. ಸೀಟ್ ಕವರ್ ಅಂಗಡಿಯವನು ಹೇಳಿದ ರೇಟು ಕೇಳಿ ಸುಮ್ಮನೆ ಮನೆಗೆ ಬಂದೆ. ಓಣಿಗೆಲ್ಲ ಕೌದಿ ಹೊಲಿದುಕೊಡುವ ನಮ್ಮ ಸೋದರತ್ತೆ, "ಆ ರಟ್ಟು ಬಿಚ್ಚಿ ಕೊಡು, ನಾ ಹೊಲಿತೀನಿ" ಎಂದಳು. ಹಳೆಯ ಸೀರೆಗಳನ್ನು ಹಾಸಿ, ದಬ್ಬಣ ಹಿಡಿದು ರಟ್ಟಿಗೇ ಸೇರಿಸಿ ಹೊಲಿದಳು. ನಿನ್ನೆ ಅದನ್ನು ಕಾರಿಗೆ ಕೂರಿಸಿದ್ದೆ.

ರಸ್ತೆ ಬದಿಯಲ್ಲಿ ನಿಂತು, ಸ್ಪೀಕರ್ ಹಾಕಿ ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಅದರೊಳಗ ಏನಿಟ್ಟಿ?"

"ಹೋಳಿಗಿ. ನಡುವ ಒಂದು ತುಂಡು ಇಟ್ಟೇ ಹೊಲಿಯೋದು. ಕೌದಿ ಹೊಟ್ಟಿ ಹಸಿಬಾರದಪ್ಪ."

"ಅದು ಕೌದಿ ಅಲ್ಲ ಅತ್ತಿ, ಕಾರು!"

"ಕಾರಿಗಿ ಹಸಿವಿಲ್ಲೇನು? ಮತ್ತ ದಿನಾ ಪೆಟ್ರೋಲ್ ಯಾಕ ಹಾಕಸ್ತಿ?"

ಸಾಹೇಬರು ಅಂಗಿ ಜಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ನಮ್ಮವ್ವನೂ ಹಿಂಗ ಇಡ್ತಿದ್ಲ್ರಿ" ಎಂದು ಮೆತ್ತಗೆ ಹೇಳಿದರು. ಆಮೇಲೆ ಹಿಂದೆ ಬರುತ್ತಿದ್ದ ಬಸ್ಸಿಗೆ ಕೈ ಮಾಡಿ ಹತ್ತಿ ಹೋದರು.

ಅತ್ತೆಯ ಕೆಲಸಕ್ಕೆ ಹೆಸರಿಡುವಂತಿಲ್ಲ, ಛಾವಣಿ ಕೂದಲೆಳೆಯಷ್ಟೂ ಜೋತುಬಿದ್ದಿಲ್ಲ. ಕಾರು ಮಾತ್ರ ತುಂಬಿದ ಹೊಟ್ಟೆ, ಖಾಲಿ ಸೀಟಿನೊಂದಿಗೆ ಸುರಪುರ ಮುಟ್ಟಿತು.