ಕರ್ನಲ್ ವೈಸಾಲೆ ತಂದ ತಿಮಿಂಗಿಲದ ಹಲ್ಲು

ಸೈನ್ಯದ ಮುಖ್ಯ ವೈದ್ಯರಾಗಿ ನಿವೃತ್ತರಾಗುವ ಹೊತ್ತಿಗೆ ಕರ್ನಲ್ ವೈಸಾಲೆಯವರ ಎದೆಯ ಮೇಲೆ ಪದಕಗಳಿಗೆ ಜಾಗ ಸಾಲದಾಗಿತ್ತು. ಹೊಟ್ಟೆಯ ಮೇಲಾದರೆ ಧಾರಾಳವಾಗಿತ್ತು. ಫಿಜಿಯ ಸುವಾದಲ್ಲಿ ವೈದ್ಯಕೀಯ ಓದಿ ಹೊರಬಿದ್ದವರು ನೇರವಾಗಿ ಶಾಂತಿಪಾಲನಾ ಪಡೆಯ ಜೊತೆ ಲೆಬನಾನಿಗೆ ಹೋಗಿ, ಗುಂಡೇಟು ತಿಂದವರಿಗಿಂತ ಹೆಚ್ಚಾಗಿ ಹಳಸಿದ ಮಾಂಸ ತಿಂದವರನ್ನು ಬದುಕಿಸಿದರು. ಆಮೇಲೆ ಸಿನಾಯ್, ಆಮೇಲೆ ಮೇಜು, ಕುರ್ಚಿ, ಬಡ್ತಿ. ಇಷ್ಟು ವರ್ಷಗಳಲ್ಲಿ ಅವರೆದುರು ಸೆಟೆದು ನಿಲ್ಲದೆ ಮಾತಾಡಿದವನು ಒಬ್ಬನೇ, ಸಾರ್ಜೆಂಟ್ ಅಪಾಕುಕಿ.

ಅವನು ಕರ್ನಲರ ತೌವು. ಇಬ್ಬರ ಊರಿಗೂ ಮೂಲದೈವ ಒಂದೇ. ನಮ್ಮ ಫಿಜಿಯಲ್ಲಿ ಅಂಥ ಊರಿನವರು ಒಬ್ಬರನ್ನೊಬ್ಬರು ಎಷ್ಟು ಬೈದರೂ ಮುನಿಸಿಲ್ಲ, ಒಬ್ಬರ ಹಂದಿಯನ್ನು ಇನ್ನೊಬ್ಬರು ಹೊತ್ತೊಯ್ದರೂ ಕಳವಲ್ಲ. ಬೈಯದಿದ್ದರೇ ಅವಮಾನ.

ಒಂದು ಬೆಳಿಗ್ಗೆ ಅಪಾಕುಕಿ ಕುಂಟುತ್ತ ಆಸ್ಪತ್ರೆಗೆ ಬಂದ.

"ತೌವು, ಕಾಲಲ್ಲೊಂದು ಹುಣ್ಣಾಗಿದೆ. ದನದ ಡಾಕ್ಟ್ರು ಸಿಗಲಿಲ್ಲ, ನೀನೇ ನೋಡು."

"ಯಾರ ತೋಟದ ಬೇಲಿ ಹಾರಿದ್ಯೋ? ಬೂಟು ಬಿಚ್ಚಬೇಡ ಮಾರಾಯ, ಪಾಪ, ಒಳ್ಳೇ ರೋಗಿಗಳೆಲ್ಲ ಮೂರ್ಛೆ ಹೋಗ್ತಾರೆ."

ಸಾಲಿನಲ್ಲಿದ್ದವರು ನಕ್ಕರು. ಅಪಾಕುಕಿಯೂ ನಕ್ಕ, ಬೂಟು ಬಿಚ್ಚದೆ ಹೋದ. ಬೇರೆ ಯಾವ ಸಿಪಾಯಿಯಾಗಿದ್ದರೂ ಕರ್ನಲರು ಆ ಕಾಲನ್ನು ತೊಡೆಯ ಮೇಲೆಳೆದುಕೊಂಡು ನೋಡುತ್ತಿದ್ದರು, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸುತ್ತಿದ್ದರು. ತೌವುವಿನ ಬಾಯಿ ಮುಚ್ಚಿಸಿದ ಖುಷಿಯಲ್ಲಿ ಅದು ತೋಚಲಿಲ್ಲ. ಮತ್ತೆ ಬಂದಾಗ ಅವನು ಸ್ಟ್ರೆಚರಿನ ಮೇಲಿದ್ದ. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು, ಕತ್ತರಿಸಿದವರೂ ಇವರೇ.

ಅಂದಿನಿಂದ ಕರ್ನಲರಿಗೆ ಬೇಕಾದದ್ದು ಒಂದೇ, ಅವನ ಕ್ಷಮೆ. ಅಧಿಕಾರದ ಅಂಗಿ ಕಳಚಿದ ಮೇಲೆ, ಹಿರಿಯರು ಮಾಡುತ್ತಿದ್ದಂತೆ ತಿಮಿಂಗಿಲದ ಹಲ್ಲೊಂದನ್ನು ಹಿಡಿದು ಅವನ ಮನೆಗೆ ಹೋದರು. ಎಂಥ ತಪ್ಪೇ ಇರಲಿ, ಎದುರಿನವನು ಆ ಹಲ್ಲನ್ನು ಕೈಗೆ ತೆಗೆದುಕೊಂಡನೆಂದರೆ ಅಲ್ಲಿಗೆ ತೀರಿತು. ಚಾಪೆಯ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಅದನ್ನು ಚಾಚಿ ತಲೆ ತಗ್ಗಿಸಿದರು.

"ಕಾಲು ತಗೊಂಡು ಹಲ್ಲು ಕೊಡ್ತೀಯಾ?" ಅಪಾಕುಕಿ ಕೈಕಟ್ಟಿಕೊಂಡೇ ಕೂತಿದ್ದ. "ನಿಮ್ಮೂರವರ ವ್ಯಾಪಾರಾನೇ ಹೀಗೆ."

"ತಮಾಷೆ ಬೇಡ ಕಣೋ. ನಿಜವಾಗ್ಲೂ ಕೇಳ್ಕೊಳ್ತಿದೀನಿ. ತಗೋ."

"ತಗೊಂಡ್ರೆ ನಾಳೆಯಿಂದ ನೀನು ನಂಗೆ ಕರ್ನಲ್ ಸಾಹೇಬ್ರು. ತಪ್ಪಾಯ್ತು ಅನ್ನೋದೆಲ್ಲ ಹೊರಗಿನೋರ ಹತ್ರ. ಕಾಲಂತೂ ಹೋಯ್ತು, ತೌವೂನೂ ಹೋಗ್ಬೇಕಾ? ಒಳಗಿಡು ಅದನ್ನ. ಬಾಯ್ತುಂಬ ಬೈಯಿ."

ಕರ್ನಲರು ಬಾಯಿ ತೆರೆದರು. ಕರೆದರೆ ಸಾಕು, ಸಾಲುಗಟ್ಟಿ ಬರುತ್ತಿದ್ದ ಬೈಗುಳಗಳಲ್ಲಿ ಒಂದೂ ಬರಲಿಲ್ಲ.

ಅಪಾಕುಕಿ, ಬೇರರೆದು ಮಾಡಿದ ಯಂಗೋನಾ ಪಾನೀಯ ತುಂಬಿದ ತೆಂಗಿನ ಚಿಪ್ಪನ್ನು ಅವರ ಮುಂದೆ ಇಟ್ಟು, ಅವರದೇ ಗಡಸು ದನಿಯಲ್ಲಿ ತನ್ನನ್ನು ತಾನೇ ಬೈದುಕೊಂಡ:

"ಲೋ ಕುಂಟ, ಇನ್ಮೇಲೆ ಮದುವೆ ಮನೇಲಿ ಕುಣಿಯೋ ನೆಪದಲ್ಲಿ ಹೆಂಗಸರ ಸಾಲಿಗೆ ನುಗ್ಗೋ ಹಾಗಿಲ್ಲ."

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಕರ್ನಲರೂ ನಗಲೇಬೇಕಾಯಿತು. ನಗುತ್ತಲೇ ಹಲ್ಲನ್ನು ಚೀಲಕ್ಕೆ ಹಾಕಿಕೊಂಡರು.